ವಾಲ್ವು ಬಿಸಿಯಾಗೋ ತನಕ

ನಾವು ಅಂದ್ರೆ ಮೂರು ಜನ. ಒಬ್ಬ ಯಸಳೂರಿನವನು, ಒಬ್ಬ ಬೆಂಗಳೂರಿನ ರಾಜಾಜಿನಗರದವನು, ಒಬ್ಬಳು ಗದಗಿನವಳು. ಮೂವರದೂ ಎಲೆಕ್ಟ್ರಾನಿಕ್ಸ್ ವಿಭಾಗ, ಒಂದೇ ಲ್ಯಾಬ್ ಬ್ಯಾಚು. ಮೂರು ವರ್ಷದಿಂದ ವೈವಾಗಳಲ್ಲಿ ಒಟ್ಟಿಗೇ ಬೈಸಿಕೊಂಡವರು ಲೇಖನವನ್ನೂ ಒಟ್ಟಿಗೇ ಬರೆದರೆ ತಪ್ಪೇನು ಅಂತ ಶುರು ಮಾಡಿದ್ದೇವೆ. ಯಾವ ಸಾಲು ಯಾರದು ಅಂತ ಮಾತ್ರ ಕೇಳಬೇಡಿ. ಅದರ ಬಗ್ಗೆ ನಮ್ಮಲ್ಲೇ ಇನ್ನೂ ಜಗಳ ನಡೀತಿದೆ.

ವಿಷಯ ಇಷ್ಟೇ. ಜನವರಿ ರಜೆಯಲ್ಲಿ ಯಸಳೂರಿನ ಒಂದು ಮನೆಯಲ್ಲಿ ಸೌಂಡ್‌ಬಾರ್ ತೆಗೆದು ಅದರ ಜಾಗದಲ್ಲಿ ವಾಲ್ವ್ ಆಂಪ್ಲಿಫೈಯರ್ ಇಟ್ಟೆವು. ‘ನಿರ್ವಾತ ನಳಿಕೆ’ ಅಂತ ಬರೆಯಿರಿ ಅಂತ ಕನ್ನಡ ಸಂಘದ ಗೆಳೆಯರು ಹೇಳಿದರು. ಬರೆಯಬಹುದಿತ್ತು. ಆದರೆ ಆ ಮನೆಯ ಅಜ್ಜ ಅದನ್ನ ವಾಲ್ವು ಅಂತಾರೆ, ಅಜ್ಜಿ ವಾಲ್ವು ಅಂತಾರೆ. ಅದಕ್ಕೇ ನಾವೂ ವಾಲ್ವು ಅಂತಲೇ ಬರೀತೀವಿ.

ಯಸಳೂರು ಸಕಲೇಶಪುರ ತಾಲ್ಲೂಕಿನ ಹೋಬಳಿ. ಒಂದು ಕಡೆ ಹೆತ್ತೂರು, ಇನ್ನೊಂದು ಕಡೆ ಕೊಡಗಿಗೆ ಸೇರಿದ ಕೊಡ್ಲಿಪೇಟೆ, ಶನಿವಾರಸಂತೆ. ಏರಿನಲ್ಲಿ ಕಾಫಿ, ಮೆಣಸು, ಏಲಕ್ಕಿ, ತಗ್ಗಿನಲ್ಲಿ ಗದ್ದೆ. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿದರೆ ಅದಕ್ಕೆ ಕಾರಣ ಆನೆ. ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿ ಸತ್ತಿದ್ದು ಇದೇ ಯಸಳೂರು ಅರಣ್ಯ ವಲಯದಲ್ಲಿ. ಆನೆ ವಿಷಯ ಮುಂದೆ ಬರುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಜ್ಜನಿಗೆ 81 ವರ್ಷ. ಇವತ್ತಿಗೂ ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕದೆ ಕಾಫಿ ಕುಡಿಯುವವರಲ್ಲ. ದೀಪಾವಳಿಗೆ ದೊಡ್ಡಪ್ಪ ಟಿವಿ ಜೊತೆಗೆ ಸೌಂಡ್‌ಬಾರ್ ತಂದಿದ್ದರು. ಕೆಳಗೆ ಇಡುವ ದಪ್ಪ ಸಬ್‌ವೂಫರ್ ಬೇರೆ. ಅಜ್ಜನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ‘ಗುಮ್ ಗುಮ್ ಅಂತದೆ ಹೊರತು ಒಂದ್ ಮಾತೂ ತಿಳಿಯಲ್ಲ, ಇದಕ್ಕೆ ದುಡ್ಡು ಬೇರೆ ಕೊಟ್ಯಾ?’ ಅಂತ ದಿನಾ ವಾರ್ತೆ ಟೈಮಿಗೆ ಒಂದು ಸುತ್ತು ಬೈಗುಳ.

ನಾವು ಹೋದ ಮೊದಲ ರಾತ್ರಿ ಅಕ್ಕಿ ರೊಟ್ಟಿ ತಿನ್ನುತ್ತಾ ಕೂತಿದ್ದಾಗ ದೊಡ್ಡಪ್ಪ, ‘ಸಾಲ ಕಟ್ಟೋಕೆ ನಾಳೆ ಕೊನೇ ದಿನ’ ಅಂದರು. ಅಜ್ಜ ತಲೆ ಎತ್ತಿ, ‘ಹಾಲಾ? ಬೆಳಿಗ್ಗೆನೇ ಬಂತಲ್ಲ’ ಅಂದರು. ಮನೆಯವರೆಲ್ಲ ನಕ್ಕರು. ನಾವೂ ನಕ್ಕೆವು. ಅಜ್ಜನೂ ನಕ್ಕರು.

ಅಟ್ಟದ ಮೇಲಿನ ಡಬ್ಬ

ಎರಡನೇ ದಿನ ಕಡುಬಿನ ಪಾತ್ರೆ ತರೋಕೆ ಅಟ್ಟ ಹತ್ತಿದ ಯಸಳೂರಿನವನು ಗೋಣಿಚೀಲ ಸುತ್ತಿದ ಒಂದು ರೇಡಿಯೋ ಹೊತ್ತು ಇಳಿದ. ಅಜ್ಜ 1969ರಲ್ಲಿ ಕಾಫಿ ದುಡ್ಡಿನಲ್ಲಿ ಹಾಸನದಿಂದ ತಂದದ್ದಂತೆ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು, ವರ್ಷ ವರ್ಷ ಪೋಸ್ಟ್ ಆಫೀಸಿಗೆ ದುಡ್ಡು ಕಟ್ಟಬೇಕಿತ್ತು ಅಂತ ಅಜ್ಜಿ ಹೇಳಿದಾಗ ನಮಗೆ ನಂಬೋಕೇ ಆಗಲಿಲ್ಲ.

ಹಿಂದಿನ ರಟ್ಟು ಬಿಚ್ಚಿದರೆ ಐದು ವಾಲ್ವು. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80. ಇಎಲ್ 84ರ ಗಾಜಿನ ಮೇಲೆ ಮಾಸಿದ ಅಕ್ಷರದಲ್ಲಿ ಬಿಇಎಲ್ ಅಂತಿತ್ತು. ರಾಜಾಜಿನಗರದವನು ಅದನ್ನು ಬೆಳಕಿಗೆ ಹಿಡಿದು ನೋಡಿಯೇ ನೋಡಿದ. ಬಿಇಎಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಜೀವನದ ಅರ್ಧ ಭಾಗ ಕಳೆದವನು ಅವನು. ಜಾಲಹಳ್ಳಿಯಲ್ಲಿ ವಾಲ್ವು ಮಾಡುತ್ತಿದ್ದರು ಅಂತ ಅವನಿಗೂ ಗೊತ್ತಿರಲಿಲ್ಲ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವು ತಯಾರಿಸಿತು, ಮಾರನೇ ವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲವೂ ಬಂತು. ಅಂದರೆ ವಾಲ್ವು ನಮ್ಮಲ್ಲಿ ತಯಾರಾಗೋಕೆ ಶುರುವಾದಾಗಲೇ ಅದರ ಬಾಗಿಲು ಮುಚ್ಚುವ ಸದ್ದೂ ಕೇಳುತ್ತಿತ್ತು.

ನಮ್ಮ ಸಿಲಬಸ್ಸಿನಲ್ಲಿ ವಾಲ್ವಿಗೆ ಸಿಕ್ಕಿರೋದು ಒಂದೇ ಪ್ಯಾರಾ. 1904ರಲ್ಲಿ ಫ್ಲೆಮಿಂಗ್ ಡಯೋಡ್, 1906ರಲ್ಲಿ ಡಿ ಫಾರೆಸ್ಟ್ ಅದರೊಳಗೆ ಗ್ರಿಡ್ ಸೇರಿಸಿದ, 1947ರಲ್ಲಿ ಟ್ರಾನ್ಸಿಸ್ಟರ್ ಬಂತು, ಕಥೆ ಮುಗೀತು. ಆದರೆ 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿ ಮುಂದೆ ಇಡೀ ದೇಶದ ರೇಡಿಯೋಗೆ ಅಂಟಿಕೊಂಡ ‘ಆಕಾಶವಾಣಿ’ ಅನ್ನೋ ಹೆಸರಿನಲ್ಲಿ ಮಾತಾಡಿದ್ದು ವಾಲ್ವುಗಳ ಮೂಲಕವೇ. ಕೇಳಿದವರೂ ವಾಲ್ವುಗಳ ಮೂಲಕವೇ ಕೇಳಿದ್ದು.

ರೇಡಿಯೋ ಭಾಗ ಸತ್ತಿತ್ತು. ಡಯಲ್ಲಿನ ದಾರ ಹರಿದಿತ್ತು, ಬ್ಯಾಂಡ್ ಸ್ವಿಚ್ಚಿಗೆ ಹಸಿರು ಹಿಡಿದಿತ್ತು, ಕಾಯಿಲ್ಲಿನ ತಂತಿಯನ್ನು ಇಲಿ ತಿಂದಿತ್ತು. ಆದರೆ ಹಿಂಭಾಗದಲ್ಲಿ ಗ್ರಾಮಫೋನ್ ಪಿಕಪ್ ಸಿಕ್ಕಿಸೋಕೆ ಎರಡು ತೂತು ಇದ್ದವು. ಅಲ್ಲಿಂದ ಮುಂದಕ್ಕೆ ಎಲ್ಲಾ ಬರೀ ಆಂಪ್ಲಿಫೈಯರ್. ಇಬಿಸಿ 81 ಸಿಗ್ನಲ್ಲನ್ನು ಹಿಗ್ಗಿಸುತ್ತದೆ, ಇಎಲ್ 84 ಅದಕ್ಕೆ ಶಕ್ತಿ ತುಂಬುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸ್ಪೀಕರಿಗೆ ದಾಟಿಸುತ್ತದೆ. ಫೋನಿನ ಎಡ, ಬಲ ಎರಡೂ ದನಿಗಳನ್ನು ಎರಡು 1 ಕಿಲೋ ಓಮ್ ರೆಸಿಸ್ಟರಿನಲ್ಲಿ ಸೇರಿಸಿ ಆ ತೂತಿಗೆ ಕೊಟ್ಟರೆ ಐದು ವ್ಯಾಟಿನ ಮೋನೋ ಆಂಪ್ಲಿಫೈಯರ್ ಸಿಕ್ಕ ಹಾಗೆ.

ಇಲ್ಲೊಂದು ಎಚ್ಚರಿಕೆ

ಜೂನಿಯರ್‌ಗಳು ಓದುತ್ತಾರೆ ಅನ್ನೋ ಕಾರಣಕ್ಕೆ ಇದನ್ನು ಬಿಡುವ ಹಾಗಿಲ್ಲ. ನಿಮ್ಮನೆ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಮೊದಲು ವಾಲ್ವಿನ ಹೆಸರು ಓದಿ. ಯುಸಿಎಚ್, ಯುಎಲ್ ಅಂತ ಇಂಗ್ಲಿಷಿನ ‘ಯು’ ಅಕ್ಷರದಿಂದ ಶುರುವಾಗುವ ವಾಲ್ವುಗಳ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಮೇನ್ಸ್ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ ಇರೋದಿಲ್ಲ. ಕಬ್ಬಿಣದ ಚಾಸಿಗೆ ನೇರ ಮೇನ್ಸ್ ಬಂದಿರುತ್ತದೆ. ಅದಕ್ಕೆ ಫೋನ್ ಸಿಕ್ಕಿಸಿದರೆ ಫೋನೂ ಹೋಗುತ್ತೆ, ಹಿಡಿದವರೂ ಹೋಗ್ತಾರೆ. ನಮ್ಮದು ‘ಇ’ ಸರಣಿ, ಟ್ರಾನ್ಸ್‌ಫಾರ್ಮರ್ ಇತ್ತು. ಅದನ್ನು ಮೀಟರಿನಲ್ಲಿ ಅಳೆದು ಖಚಿತ ಮಾಡಿಕೊಂಡು, ಮೂರು ಪಿನ್ನಿನ ವೈರ್ ಹಾಕಿ ಚಾಸಿಗೆ ಅರ್ಥ್ ಕೊಟ್ಟೆವು.

ಇನ್ನೊಂದು. ಒಳಗೆ 250 ವೋಲ್ಟ್ ಡಿಸಿ ಓಡುತ್ತೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಅದು ಕಾಯ್ತಾ ಕೂತಿರುತ್ತೆ. ಪ್ರತಿ ಸಲ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿದೆವು. ಒಂದು ಕೈ ಯಾವಾಗಲೂ ಜೇಬಿನಲ್ಲಿ.

ಹಳೇ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳನ್ನು ಕಿತ್ತು 450 ವೋಲ್ಟಿನ ಹೊಸವು ಹಾಕಿದೆವು. ಇಎಲ್ 84ರ ಗ್ರಿಡ್ಡಿಗೆ ಹೋಗುವ ಪೇಪರ್ ಕೆಪಾಸಿಟರನ್ನಂತೂ ಬದಲಿಸಲೇಬೇಕು. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಹೋಗಿ ವಾಲ್ವಿನ ತಗಡು ಕೆಂಪಗೆ ಕಾದು ಸಾಯುತ್ತದೆ. ಸಾಮಾನು ತರೋಕೆ ರಾಜಾಜಿನಗರದವನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮಾರನೇ ದಿನ ಬಂದ. ಮೊದಲ ಸಲ ಕರೆಂಟ್ ಕೊಟ್ಟದ್ದು 60 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್ ಹಾಕಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತೆ, ರೇಡಿಯೋ ಉಳಿಯುತ್ತೆ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾಯಿತು. ನಾವು ಉಸಿರು ಬಿಟ್ಟೆವು.

ಮೊದಲ ಅರ್ಧ ಗಂಟೆ

ಸಂಜೆ ಹಜಾರದಲ್ಲಿ ಸೌಂಡ್‌ಬಾರ್ ಪಕ್ಕಕ್ಕೆ ಸರಿಸಿ ರೇಡಿಯೋ ಇಟ್ಟೆವು. ಮರದ ಪೆಟ್ಟಿಗೆ, ಅದರದೇ ಎಂಟು ಇಂಚಿನ ಕಾಗದದ ಸ್ಪೀಕರ್. ಅಜ್ಜನೇ ಗುಂಡಿ ತಿರುಗಿಸಿದರು. ಟಕ್ ಅಂತು. ಆಮೇಲೆ ಏನೂ ಇಲ್ಲ.

ನಮ್ಮ ಪೀಳಿಗೆಗೆ ಇದು ಹೊಸತು. ಒತ್ತಿದ ತಕ್ಷಣ ಆಗದೇ ಇದ್ದರೆ ಕೆಟ್ಟಿದೆ ಅಂತಲೇ ಲೆಕ್ಕ. ರಾಜಾಜಿನಗರದವನ ಕೈ ಪ್ಲಗ್ಗಿನ ಕಡೆ ಹೋಯಿತು. ಅಜ್ಜ ಅವನ ಕೈ ತಡೆದು, ‘ತಡೀ ಮಗ, ವಾಲ್ವು ಬಿಸಿಯಾಗ್ಬೇಕು’ ಅಂದರು. ಐವತ್ತು ವರ್ಷದ ಹಿಂದಿನ ಮಾತು ಬಾಯಿಗೆ ತಾನಾಗಿ ಬಂದಿತ್ತು. ಗಾಜಿನೊಳಗೆ ಕಿತ್ತಳೆ ಬಣ್ಣದ ಸಣ್ಣ ಗೆರೆ ಕಂಡಿತು. ಕಾದ ಧೂಳಿನ ವಾಸನೆ ಬಂತು. ಸಣ್ಣಗೆ ಹಮ್ಮಿಂಗ್ ಶುರುವಾಯಿತು. ಆಮೇಲೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಪಕ್ಕದ ಮನೆಯಿಂದ ನಮ್ಮ ಮನೆಗೆ ನಡೆದು ಬಂದ ಹಾಗೆ ಮೆಲ್ಲಗೆ ಏರುತ್ತಾ ಬಂತು.

ಆ ಹೊತ್ತು ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇವು. ಮೀಟಿದ ತಂತಿಯ ದನಿ ಆರುವ ತನಕ ಕೇಳುತ್ತೆ. ಹಾಡುವವರ ದನಿ ಎದುರಿಗೇ ಇರುವ ಹಾಗಿದೆ. ಬೇಸ್ ಕಡಿಮೆ, ಆದರೆ ಬೇಕು ಅನ್ನಿಸಲ್ಲ. ಒಂದು ಗಂಟೆ ಕೇಳಿದರೂ ತಲೆ ನೋಯಲ್ಲ. ಶಬ್ದ ಜೋರು ಮಾಡಿದರೆ ಕಿರುಚುವ ಬದಲು ಸ್ವಲ್ಪ ಕರಗಿದ ಹಾಗಾಗುತ್ತೆ.

ಇದರಲ್ಲಿ ಕೆಲವಕ್ಕೆ ಕಾರಣ ನಮಗೆ ಗೊತ್ತಿತ್ತು. ಇಎಲ್ 84 ಒಂಟಿಯಾಗಿ ಕೊಡೋದು ಹೆಚ್ಚೆಂದರೆ 5.7 ವ್ಯಾಟು, ಅದೂ ಶೇಕಡಾ 10ರಷ್ಟು ಡಿಸ್ಟಾರ್ಷನ್ ಇಟ್ಟುಕೊಂಡು. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಇಂಥ ರೀಡಿಂಗ್ ಬರೆದರೆ ಮೇಡಂ ಪುಟ ಹರಿದು ಕೊಡ್ತಾರೆ. ಆದರೆ ಆ ಡಿಸ್ಟಾರ್ಷನ್ನಿನಲ್ಲಿ ಎರಡನೇ ಹಾರ್ಮೋನಿಕ್ಕಿನ ಪಾಲು ದೊಡ್ಡದು. ಹಾಡುವವರ ಷಡ್ಜ 240 ಹರ್ಟ್ಸ್ ಆದರೆ ವಾಲ್ವು ತನ್ನ ಕಡೆಯಿಂದ ಸೇರಿಸೋದು 480, ಅಂದ್ರೆ ಮೇಲಿನ ಷಡ್ಜ. ಮೂರನೆಯದು 720, ಅದು ಮೇಲಿನ ಪಂಚಮ. ತಂಬೂರಿಯ ಮೇಲೆ ಬೆಳೆದ ಕಿವಿಗೆ ಇದು ತಪ್ಪು ಅಂತ ಅನ್ನಿಸೋದಿಲ್ಲ. ಇನ್ನು ಐದು ವ್ಯಾಟು ಸಾಕಾ ಅಂತ ಕೇಳಿದರೆ, ಐದಕ್ಕೂ ನಲವತ್ತಕ್ಕೂ ಇರುವ ವ್ಯತ್ಯಾಸ 9 ಡೆಸಿಬಲ್ ಮಾತ್ರ. ಹಜಾರದಲ್ಲಿ ಕೂತು ಕೇಳೋಕೆ ಒಂದು ವ್ಯಾಟೂ ಬೇಕಾಗಲ್ಲ.

ತೊಂದರೆಗಳನ್ನೂ ಬರೆದುಕೊಂಡೆವು. ನಾಲ್ಕೈದು ವ್ಯಾಟಿನ ಶಬ್ದಕ್ಕೆ ಕರೆಂಟು ಎಳೆಯೋದು ಸುಮಾರು 50 ವ್ಯಾಟು. ಸಂಜೆ ಮೋಟಾರುಗಳು ಓಡುವಾಗ ಮೀಟರ್ 180 ವೋಲ್ಟ್ ತೋರಿಸಿತು, ವಾಲ್ವಿನ ಹೀಟರಿಗೆ 6.3ರ ಬದಲು 4.9 ಸಿಕ್ಕಿ ದನಿ ಜ್ವರ ಬಂದವರ ಹಾಗಾಯಿತು. ಫ್ರಿಜ್ಜಿನ ಸ್ಟೆಬಿಲೈಜರಿಗೆ ಸಿಕ್ಕಿಸಿದ ಮೇಲೆ ಸರಿಹೋಯಿತು.

ಆದರೆ ಆ ಸಂಜೆಯ ದೊಡ್ಡ ಸುದ್ದಿ ಅದ್ಯಾವುದೂ ಅಲ್ಲ. ವೀಣೆ ಮುಗಿದ ಮೇಲೆ ಫೋನಿನಲ್ಲಿ ಆಕಾಶವಾಣಿಯ ವಾರ್ತೆ ಹಾಕಿದೆವು. ಅಜ್ಜ ಮುಂದಕ್ಕೆ ಬಾಗಿ ಕೂತವರು ನಿಧಾನವಾಗಿ ಹಿಂದಕ್ಕೆ ಒರಗಿದರು. ವಾರ್ತೆ ಮುಗಿಯುವ ತನಕ ಒಂದು ಸಲವೂ ‘ಏನಂದ’ ಅಂತ ಕೇಳಲಿಲ್ಲ. ಕೊನೆಗೆ ದೊಡ್ಡಪ್ಪನ ಕಡೆ ತಿರುಗಿ, ‘ನೋಡಿದ್ಯಾ? ನನ್ ಕಿವಿ ಸರಿಯಾಗೇ ಇದೆ. ನಿನ್ ಡಬ್ಬ ಸರಿ ಇರ್ಲಿಲ್ಲ’ ಅಂದರು.

ಮನೆ ತುಂಬ ಖುಷಿ. ಅಜ್ಜಿ ಕಣ್ಣೊರೆಸಿಕೊಂಡರು. ಕೋಳಿ ಸಾರಾಯಿತು. ನಾವಂತೂ ವಾಲ್ವಿಗೆ ಜೈ ಅಂತ ಅವತ್ತೇ ಲೇಖನದ ಹೆಡ್ಡಿಂಗೂ ಇಟ್ಟುಬಿಟ್ಟಿದ್ದೆವು.

ಎರಡು ವೇರಿಯಬಲ್

ಖುಷಿ ಕೆಡಿಸಿದವಳು ಗದಗಿನವಳು. ರಾತ್ರಿ ಕಣದಲ್ಲಿ ಹರವಿದ್ದ ಕಾಫಿಗೆ ಟಾರ್ಪಲ್ ಮುಚ್ಚುವಾಗ, ‘ಎಲ್ಲಾರೂ ವಾಲ್ವು ವಾಲ್ವು ಅಂತೀರಿ. ಆಂಪ್ಲಿಫೈಯರ್ ಜೋಡಿ ಸ್ಪೀಕರೂ ಬದ್ಲಾಗೇತಲ್ಲ? ಒಂದ ಸಲಕ್ಕ ಎರಡು ವೇರಿಯಬಲ್ ಬದ್ಲಿ ಮಾಡಿ ರಿಸಲ್ಟ್ ಬರದ್ರ ಲ್ಯಾಬ್‌ನ್ಯಾಗ ಬಿಡ್ತಾರೇನು?’ ಅಂದಳು.

ಅವಳು ಹೇಳಿದ್ದು ಸರಿ ಅಂತ ಇಬ್ಬರಿಗೂ ಗೊತ್ತಿತ್ತು. ‘ನಾಳೆ ನೋಡೋಣ’ ಅಂದೆವು. ನಾಳೆಯೂ ನೋಡಲಿಲ್ಲ, ನಾಡಿದ್ದೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ನೋಡೋಕೆ ಮನಸ್ಸಿರಲಿಲ್ಲ. ಎಲ್ಲರೂ ಸಂತೋಷವಾಗಿದ್ದಾಗ ಮೀಟರ್ ತೆಗೆಯುವವರು ಯಾರಿಗೆ ಬೇಕು?

ಮೂರನೇ ದಿನ ಬೆಳಿಗ್ಗೆ ಅಜ್ಜನ ಜೊತೆ ತೋಟಕ್ಕೆ ಹೊರಟೆವು. ಮಂಜು ದಟ್ಟವಾಗಿತ್ತು. ಅಜ್ಜ ನಮಗಿಂತ ಮೂವತ್ತು ಹೆಜ್ಜೆ ಮುಂದೆ, ಗದ್ದೆ ಕಡೆ ಇಳಿಯುವ ದಾರಿಯಲ್ಲಿ. ಮೇಲಿನ ಪಟ್ಟೆಯಿಂದ ರೈಟರ್ ಕೂಗಿದರು: ‘ಆನೆ! ಆನೆ ಇದಾವೆ! ಕೆಳಗೆ ಇಳೀಬೇಡಿ!’ ನಾವು ನಿಂತುಬಿಟ್ಟೆವು. ಅಜ್ಜ ನಿಲ್ಲಲಿಲ್ಲ. ಇನ್ನೊಂದು ಸಲ ಕೂಗು ಬಂತು. ಅಜ್ಜ ಕೋಲೂರಿಕೊಂಡು ಅದೇ ಹೆಜ್ಜೆಯಲ್ಲಿ ಇಳಿಯುತ್ತಲೇ ಇದ್ದರು.

ಯಸಳೂರಿನವನು ಓಡಿಹೋಗಿ ರಟ್ಟೆ ಹಿಡಿದ. ಕೆಳಗೆ ಬಿದಿರು ಮುರಿಯುವ ಸದ್ದು ನಮಗೆ ಆಗ ಕೇಳಿಸಿತು. ಮಂಜಿನೊಳಗೆ ಬೂದು ಬೆನ್ನುಗಳು, ನಡುವೆ ಒಂದು ಮರಿ. ಅವು ಗದ್ದೆ ದಾಟಿ ಆಚೆ ಹೋಗುವ ತನಕ ಸಿಲ್ವರ್ ಓಕ್ ಮರದ ಹಿಂದೆ ನಿಂತಿದ್ದೆವು. ಏನೂ ಆಗಲಿಲ್ಲ. ಆದರೆ ಆ ಸೀಮೆಯಲ್ಲಿ ಏನಾಗಬಹುದಿತ್ತು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

‘ಕೂಗಿದ್ದು ಕೇಳ್ಲಿಲ್ವಾ ಅಜ್ಜ?’

‘ಕೂಗು ಕೇಳ್ತು. ಕುಯ್ಲು ಟೈಮಲ್ಲಿ ಯಾರಾದ್ರೂ ಕೂಗ್ತಾನೇ ಇರ್ತಾರಲ್ಲ. ಏನಂದ್ರು ಅಂತ ತಿಳೀಲಿಲ್ಲ.’

ಮನೆಗೆ ಬರುವ ದಾರಿಯಲ್ಲಿ ಮೂವರೂ ಮಾತಾಡಲಿಲ್ಲ. ‘ನನ್ ಕಿವಿ ಸರಿಯಾಗೇ ಇದೆ’ ಅಂತ ಅಜ್ಜ ನಂಬಿದ್ದಕ್ಕೆ ಸಾಕ್ಷಿ ಒದಗಿಸಿದವರು ನಾವೇ.

ಹಾಲು, ಸಾಲು, ಕಾಲು

ಮಧ್ಯಾಹ್ನ ಮೀಟರ್ ಹೊರಗೆ ಬಂತು. ಎರಡನೇ ವರ್ಷದ ಮಿನಿ ಪ್ರಾಜೆಕ್ಟಿಗೆ ಮಾಡಿದ್ದ ಟಿಡಿಎ 2030 ಐಸಿಯ ಆಂಪ್ಲಿಫೈಯರ್ ಯಸಳೂರಿನವನ ರೂಮಿನಲ್ಲೇ ಇತ್ತು. ಎರಡೂ ಆಂಪ್ಲಿಫೈಯರಿಗೆ ಒಂದೇ ಸ್ಪೀಕರ್, ಅಂದ್ರೆ ರೇಡಿಯೋದ ಹಳೇ ಸ್ಪೀಕರ್. ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ತುದಿ ತೆರೆದು ಬಿಡಬಾರದು ಅಂತ ಅಲ್ಲಿಗೊಂದು ರೆಸಿಸ್ಟರ್. 1000 ಹರ್ಟ್ಸ್ ಟೋನ್ ಹಾಕಿ ಎರಡರಲ್ಲೂ ಸ್ಪೀಕರಿಗೆ 1 ವೋಲ್ಟ್ ಬರುವ ಹಾಗೆ ಹೊಂದಿಸಿದೆವು. ಇದು ಮುಖ್ಯ. ಒಂದು ಸ್ವಲ್ಪ ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಅಜ್ಜಿಯ ಹಳೇ ಸೀರೆ ಅಡ್ಡ ಕಟ್ಟಿ ಒಬ್ಬರು ಹಿಂದೆ ಕೂತು ನಾಣ್ಯ ಚಿಮ್ಮಿ ಸ್ವಿಚ್ ಬದಲಿಸಿದರು.

ಮೊದಲು ನಮ್ಮ ಪರೀಕ್ಷೆ. ರಾಜಾಜಿನಗರದವನು 20ಕ್ಕೆ 17 ಸರಿ ಹೇಳಿ ಮೀಸೆ ತಿರುವಿದ. ಆಮೇಲೆ ಗೊತ್ತಾಯಿತು, ಅವನು ಹಾಡು ಕೇಳುತ್ತಲೇ ಇರಲಿಲ್ಲ. ಹಾಡಿನ ನಡುವಿನ ಮೌನದಲ್ಲಿ ವಾಲ್ವಿನ ಹಮ್ಮಿಂಗ್ ಕೇಳಿ ಹೇಳುತ್ತಿದ್ದ. ಬಿಡುವೇ ಇಲ್ಲದ ಮಾತಿನ ರೆಕಾರ್ಡಿಂಗ್ ಹಾಕಿದಾಗ 20ಕ್ಕೆ 11. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಆಮೇಲೆ ಅಜ್ಜನ ಸರದಿ. ಗದಗಿನವಳು 24 ಪದಗಳ ಪಟ್ಟಿ ಮಾಡಿದಳು. ಹಾಲು, ಸಾಲು, ಕಾಲು, ಪಾಲು, ಶಾಲು. ಕೋಟೆ, ಪೇಟೆ, ಬೇಟೆ. ಒಂದು ವ್ಯಂಜನ ಮಾತ್ರ ಬೇರೆ, ಉಳಿದದ್ದೆಲ್ಲ ಹೆಚ್ಚುಕಮ್ಮಿ ಒಂದೇ. ಅಜ್ಜಿಯ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಸಲ ಕ್ರಮ ಬದಲಿಸಿ ಹಾಕಿದೆವು. ಅಜ್ಜ ಕೇಳಿದ್ದನ್ನು ತಿರುಗಿ ಹೇಳಬೇಕು. ಆಟ ಅಂತ ಅಂದುಕೊಂಡು ಅಜ್ಜ ಖುಷಿಯಿಂದಲೇ ಕೂತರು.

ಸೌಂಡ್‌ಬಾರಿನಲ್ಲಿ 11 ಸರಿ. ರೇಡಿಯೋ ಸ್ಪೀಕರ್, ವಾಲ್ವಿನ ಆಂಪ್ಲಿಫೈಯರ್: 17. ಅದೇ ಸ್ಪೀಕರ್, ಐಸಿ ಆಂಪ್ಲಿಫೈಯರ್: 17. ಯಂತ್ರವೇ ಇಲ್ಲದೆ, ಅಜ್ಜಿ ನಾಲ್ಕು ಹೆಜ್ಜೆ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಹೇಳಿದಾಗ: 9.

ಲೆಕ್ಕ ಅಷ್ಟೇ. ಸ್ವರಗಳ ಬಲ ಇರೋದು ಕೆಳಗಿನ ಫ್ರೀಕ್ವೆನ್ಸಿಯಲ್ಲಿ. ‘ಸ’, ‘ಶ’, ‘ತ’, ‘ಕ’ ಇವನ್ನು ಬೇರೆಬೇರೆಯಾಗಿ ಗುರುತಿಸೋಕೆ 2000 ಹರ್ಟ್ಸಿನಿಂದ ಮೇಲಿನದು ಬೇಕು. ವಯಸ್ಸಾದಂತೆ ಮೊದಲು ಸವೆಯೋದೇ ಆ ಭಾಗ. ಅದಕ್ಕೇ ವಯಸ್ಸಾದವರು ‘ಕೇಳುತ್ತೆ, ತಿಳಿಯಲ್ಲ’ ಅಂತಾರೆ. ಸಬ್‌ವೂಫರಿನ ಗುಮ್ ಗುಮ್ ಉಳಿದಿದ್ದ ಸ್ವಲ್ಪವನ್ನೂ ಮುಚ್ಚುತ್ತಿತ್ತು. ಹಳೇ ಕಾಗದದ ಸ್ಪೀಕರಿಗೆ ಬೇಸೇ ಇಲ್ಲ, ಮಾತು ನಡೆಯುವ ಮಧ್ಯದ ಭಾಗವೇ ಮುಂದೆ. ಅಜ್ಜನಿಗೆ ಅನುಕೂಲವಾದದ್ದು ಅದು. ವಾಲ್ವಿಗೂ ಅದಕ್ಕೂ ಸಂಬಂಧ ಇಲ್ಲ.

ಚೀಟಿ ಹಿಡಿದುಕೊಂಡು ಹಿತ್ತಲಿನಲ್ಲಿ ನಿಂತು ಅರ್ಧ ಗಂಟೆ ಜಗಳ ಆಡಿದೆವು. ಹೇಳಿದರೆ ಮೂರು ದಿನದ ಸಂತೋಷ ಹೋಗುತ್ತೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಅಜ್ಜ ಮತ್ತೆ ತೋಟಕ್ಕೆ ಹೋಗ್ತಾರೆ. ಯಸಳೂರಿನವನಿಗೆ ಹೇಳೋಕೆ ಬಾಯಿ ಬರಲಿಲ್ಲ. ಕೊನೆಗೆ ಗದಗಿನವಳೇ ಹೋಗಿ ಅಜ್ಜನ ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಹೇಳಿದಳು.

‘ಅಜ್ಜಾರ, ರೇಡಿಯೋ ಚಲೋ ಐತ್ರಿ. ಆದ್ರ ನಾವು ಹೇಳಿದ್ದು ತಪ್ಪಾತ್ರಿ. ವಾಲ್ವಿನಿಂದ ಅಲ್ರಿ, ಆ ಹಳೇ ಸ್ಪೀಕರಿನಿಂದ. ಮತ್ತ ಡಬ್ಬೀದಷ್ಟ ತಪ್ಪಲ್ರಿ, ನಿಮ್ಮ ಕಿವಿ ಕೆಲವು ಅಕ್ಷರ ಬಿಡಾಕತ್ತೈತ್ರಿ.’

ಅಜ್ಜ ಚೀಟಿ ಇಸ್ಕೊಂಡು ಕನ್ನಡಕ ಹಾಕಿಕೊಂಡರು. ತಪ್ಪಾದ ಪದಗಳ ಎದುರು ಅವರು ಹೇಳಿದ್ದನ್ನು ಬರೆದಿದ್ದೆವು. ಸಾಲು, ಹಾಲು. ಶಾಲು, ಹಾಲು. ತುಂಬಾ ಹೊತ್ತು ಓದಿದರು.

‘ಹಂಗಾದ್ರೆ ಅವತ್ತು ಅವನು ಅಂದಿದ್ದು ಸಾಲ’ ಅಂದರು. ಸ್ವಲ್ಪ ಹೊತ್ತಿನ ಮೇಲೆ, ‘ಎಲ್ರೂ ನಕ್ರಲ್ಲ, ನಾನೂ ನಕ್ಕೆ. ಯಾಕ್ ನಗ್ತಿದೀರಿ ಅಂತ ಗೊತ್ತಾಗ್ಲಿಲ್ಲ’ ಅಂದರು.

ಅವತ್ತು ನಕ್ಕವರಲ್ಲಿ ನಾವೂ ಇದ್ದೆವಲ್ಲ. ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಜೀರುಂಡೆ

ಮಾರ್ಚಿನಲ್ಲಿ ದೊಡ್ಡಪ್ಪ ಅಜ್ಜನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಇರುವ ಸಂಸ್ಥೆ. ಅಲ್ಲಿ ಕೊಟ್ಟ ಆಡಿಯೋಗ್ರಾಮಿನ ಫೋಟೋ ನಮ್ಮ ಗುಂಪಿಗೆ ಬಂತು. ನೋಡಿದ ತಕ್ಷಣ ಮೂವರಿಗೂ ಹೊಳೆದದ್ದು ಒಂದೇ: ಇದು ಲೋ ಪಾಸ್ ಫಿಲ್ಟರಿನ ಗ್ರಾಫು. 1000 ಹರ್ಟ್ಸಿನ ತನಕ ಪರವಾಗಿಲ್ಲ, 2000 ದಾಟಿದ ಮೇಲೆ ಗೆರೆ ಘಾಟಿ ಇಳಿದ ಹಾಗೆ ಇಳಿಯುತ್ತೆ. ಲ್ಯಾಬಿನಲ್ಲಿ ಎಷ್ಟೋ ಸಲ ಬಿಡಿಸಿದ ಗ್ರಾಫೇ. ಅದರೊಳಗೆ ಒಬ್ಬರು ಕೂತು ವಾರ್ತೆ ಕೇಳುತ್ತಿರಬಹುದು ಅಂತ ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಎರಡೂ ಕಿವಿಗೆ ಮಷೀನ್ ಬಂತು. ಮೊದಲ ವಾರ ಅಜ್ಜ ಅದನ್ನೂ ಡಬ್ಬ ಅಂತಲೇ ಬೈದರಂತೆ. ತಟ್ಟೆ ಇಟ್ಟರೆ ಸಿಡಿಲು ಹೊಡೆದ ಹಾಗೆ, ಪೇಪರ್ ಮಡಿಸಿದರೆ ಬೆಂಕಿ ಹತ್ತಿದ ಹಾಗೆ. ಹೊಸ ಯಂತ್ರದ ಬಗ್ಗೆ ಮೊದಲ ಅನಿಸಿಕೆ ಯಾವಾಗಲೂ ಹಾಗೇ ಇರುತ್ತೇನೋ. ನಮಗೆ ವಾಲ್ವಿನ ಬಗ್ಗೆ ಅನ್ನಿಸಿದ್ದು ಇದಕ್ಕೆ ಉಲ್ಟಾ, ಅಷ್ಟೇ.

ಮೇ ತಿಂಗಳಲ್ಲಿ ಮತ್ತೆ ಹೋಗಿದ್ದೆವು. ಸಂಜೆ ಮಳೆ ಬಿಟ್ಟಿತ್ತು. ಜಗುಲಿಯಲ್ಲಿ ಕೂತಿದ್ದಾಗ ಅಜ್ಜ ಇದ್ದಕ್ಕಿದ್ದಂತೆ ಕೈಯೆತ್ತಿ ನಮ್ಮ ಮಾತು ನಿಲ್ಲಿಸಿದರು. ತೋಟದ ಕಡೆ ತಿರುಗಿ ಕೂತರು.

‘ಜೀರುಂಡೆ’ ಅಂದರು. ‘ಇವೆಲ್ಲ ಔಷಧಿ ಹೊಡೆದೂ ಹೊಡೆದೂ ಸತ್ತೇ ಹೋದ್ವು ಅಂದ್ಕೊಂಡಿದ್ದೆ ಕಣ್ರೋ. ನಾಕೈದು ವರ್ಷ ಆಗಿತ್ತು.’

ಈಗ ತೋಟಕ್ಕೆ ಹೋಗುವಾಗ ಮಷೀನ್ ಕಿವಿಯಲ್ಲಿರುತ್ತೆ. ಅದಕ್ಕೆ ಅಜ್ಜಿ ಕಾವಲು. ಆನೆ ಬಂದ ಸುದ್ದಿ ಬಂದ ದಿನ ಅಜ್ಜ ಕಣದಿಂದ ಆಚೆ ಹೋಗೋದಿಲ್ಲ. ರೇಡಿಯೋ ಮಾತ್ರ ಹಜಾರದಲ್ಲೇ ಇದೆ. ಐಸಿ ಆಂಪ್ಲಿಫೈಯರ್ ಹಾಕಿದರೆ ಅದೇ ಸ್ಪೀಕರಿನಲ್ಲಿ ಅಷ್ಟೇ ಚೆನ್ನಾಗಿ ಕೇಳುತ್ತೆ, ಕರೆಂಟೂ ಉಳಿಯುತ್ತೆ, ಹಮ್ಮಿಂಗೂ ಇರಲ್ಲ ಅಂತ ಅಜ್ಜನಿಗೆ ನಾವೇ ಹೇಳಿದೆವು. ‘ಇರ್ಲಿ ಬಿಡಿ’ ಅಂದರು.

ಯಾಕೆ ಅಂತ ಮಾರನೇ ಸಂಜೆ ನೋಡಿದೆವು. ಅಜ್ಜ ಗುಂಡಿ ತಿರುಗಿಸುತ್ತಾರೆ. ಟಕ್ ಅನ್ನುತ್ತೆ. ವಾಲ್ವು ಬಿಸಿಯಾಗೋಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಅಜ್ಜಿ ಅಡುಗೆಮನೆಯಿಂದ ಬಂದು ಕೂರುತ್ತಾರೆ, ದೊಡ್ಡಪ್ಪ ಫೋನ್ ಕೆಳಗಿಡುತ್ತಾರೆ, ಯಾರೋ ಟಿವಿ ಆಫ್ ಮಾಡುತ್ತಾರೆ. ದನಿ ಬರುವ ಹೊತ್ತಿಗೆ ಮನೆ ಸುಮ್ಮನಾಗಿರುತ್ತೆ. ಸುಮ್ಮನಿರುವ ಮನೆಯಲ್ಲಿ ಮಾತು ಚೆನ್ನಾಗಿ ಕೇಳುತ್ತೆ. ಇದನ್ನು ಅಳೆಯೋಕೆ ಮೀಟರ್ ಬೇಕಾಗಲಿಲ್ಲ.

ನಮ್ಮ ಮೊದಲ ಅನಿಸಿಕೆ ಪೂರ್ತಿ ಸುಳ್ಳಲ್ಲ. ಅಜ್ಜನಿಗೆ ಮಾತು ತಿಳಿದದ್ದು ನಿಜ, ನಾವು ಕೊಟ್ಟ ಕಾರಣ ಸುಳ್ಳು. ನಿಮ್ಮನೆಯಲ್ಲೂ ಯಾರಾದರೂ ಟಿವಿ ಡಬ್ಬವನ್ನು ಬೈಯುತ್ತಿದ್ದರೆ ಹೊಸ ಸ್ಪೀಕರ್ ಹುಡುಕೋದಕ್ಕೆ ಮೊದಲು ಅವರ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ಮಾಮೂಲಿ ದನಿಯಲ್ಲಿ ‘ಸಾಲು’ ಅಂತ ಹೇಳಿ ನೋಡಿ. ಹಾಲು ಅಂದರೆ ನಗಬೇಡಿ.